ಹದಿಮೂರೂವರೆ ಅಂಗುಲ

ಮನೆ, ಹಿಂದಿನ ಕೋಣೆ
ಹನ್ನೆರಡನೇ ತಾರೀಖು, ಭಾನುವಾರ

ಪ್ರೀತಿಯ ಗುಬ್ಬಿ,

ಹೇಗಿದ್ದೀಯೋ? ಬೆನ್ನುನೋವು ಇಳಿಯಿತೇ, ಇಲ್ಲ ಅದೂ ನಿನ್ನ ಜೊತೆ ಹಡಗು ಹತ್ತಿ ದೇಶ ಸುತ್ತುತ್ತಿದೆಯೇ? ಇಂಜಿನ್ ಕೋಣೆಯ ಸೆಕೆಯಲ್ಲಿ ನೀರು ಕುಡಿಯಲು ಮರೆಯಬೇಡ. ಸುತ್ತಲೂ ನೀರೇ ಇರುವವನಿಗೆ ಬೇರೆ ಕುಡಿಯುವುದೇನು ಎಂಬ ನಿನ್ನ ಹಳೆಯ ಜೋಕು ಬೇಡ. ಅದಕ್ಕೆ ನಾನು ಇಪ್ಪತ್ತು ವರ್ಷಗಳಲ್ಲಿ ಹದಿನೇಳು ಸಲ ನಕ್ಕಿದ್ದೇನೆ, ನನ್ನ ಪಾಲಿನ ನಗು ತೀರಿದೆ. ಒಂದು ಹಡಗಿನ ಇಡೀ ಕರೆಂಟನ್ನು ಕೈಯಲ್ಲಿಟ್ಟುಕೊಂಡ ನಲವತ್ತನಾಲ್ಕರ ಗಂಡಸನ್ನು ಗುಬ್ಬಿ ಎಂದು ಕರೆಯಬಾರದೆಂಬ ತಿಳಿವಳಿಕೆ ನನಗಿದೆ. ಆದರೆ ಎರಡು ಕಿಲೋಗೂ ಕಡಿಮೆ ತೂಕಕ್ಕೆ ಹುಟ್ಟಿ, ಹದಿನಾಲ್ಕು ವರ್ಷದ ನನ್ನ ಅಂಗೈ ತುಂಬದೆ ಕೂತವನು ನೀನು. ಹೆಸರು ಬದಲಾಯಿಸಲು ಅರ್ಜಿ ಹಾಕುವುದಿದ್ದರೆ ಅಮ್ಮನಿಗೆ ಹಾಕಬೇಕಿತ್ತು. ಆ ಕಚೇರಿ ಮುಚ್ಚಿ ಎರಡು ವರ್ಷವಾಯಿತು. ಇನ್ನು ನನ್ನ ಆರೋಗ್ಯ: ಮಂಡಿ ಪರವಾಗಿಲ್ಲ, ಕಣ್ಣು ಚೆನ್ನಾಗಿದೆ, ನಾಲಿಗೆಯ ಸ್ಥಿತಿ ನಿನಗೇ ಗೊತ್ತು. ಉಳಿದದ್ದನ್ನು ಮುಂದೆ ಹೇಳುತ್ತೇನೆ, ಗಾಬರಿಯಾಗಬೇಡ. ಆದರೂ ಸ್ವಲ್ಪ ಆಗು, ಅಕ್ಕನ ಮೇಲೆ ಅಷ್ಟಾದರೂ ಅಕ್ಕರೆ ಬೇಡವೇ.

ಈಗ ಸುದ್ದಿ. ನಾನು ಗಿಟಾರು ಮಾಡುತ್ತಿದ್ದೇನೆ. ಕೊಂಡುಕೊಂಡದ್ದಲ್ಲ, ನುಡಿಸಲು ಕಲಿಯುತ್ತಿರುವುದೂ ಅಲ್ಲ. ಮರ ಕೊಯ್ದು, ಬಗ್ಗಿಸಿ, ಅಂಟಿಸಿ ಮಾಡುತ್ತಿದ್ದೇನೆ. ಕೋಣನ ಮುಂದೆ ಕಿನ್ನರಿ ಬಾರಿಸಬಾರದು ಎನ್ನುತ್ತಾರೆ. ಕೋಣವೇ ಕಿನ್ನರಿ ಮಾಡಲು ಹೊರಟರೆ ಏನು ಮಾಡಬೇಕೆಂದು ಯಾರೂ ಹೇಳಿಲ್ಲ, ಅದಕ್ಕೇ ಧೈರ್ಯ ಮಾಡಿದೆ. ಇದರ ಮೂಲ ನೀನು ಬಿಟ್ಟುಹೋದ ಹಳೆಯ ಗಿಟಾರು. ಅದನ್ನು ನಾನು ಎಷ್ಟು ಜೋಪಾನ ಮಾಡಿದೆನೆಂದರೆ ಅದು ಸತ್ತೇ ಹೋಯಿತು. ಎರಡು ಬೆಡ್‌ಶೀಟು ಸುತ್ತಿ, ಚೀಲಕ್ಕೆ ಹಾಕಿ, ಚೀಲದ ಬಾಯಿ ಹೊಲಿದು, ಇಲಿಗೂ ಧೂಳಿಗೂ ಎಟುಕದ ಹಾಗೆ ಸ್ನಾನದ ಮನೆಯ ಬಾಯ್ಲರಿನ ಮೇಲಿನ ಅಟ್ಟದಲ್ಲಿ ಇಟ್ಟಿದ್ದೆ. ಆರು ವರ್ಷ ದಿನಾ ಬೆಳಿಗ್ಗೆ ಅದಕ್ಕೆ ಬಿಸಿ, ಸಂಜೆ ತಂಪು. ತಂತಿ ಸಡಿಲಿಸಿ ಇಡಬೇಕೆಂದು ನನಗೇನು ಗೊತ್ತು; ನಿನ್ನ ಶ್ರುತಿ ಕೆಡದಿರಲಿ ಎಂದು ಬಿರಡೆಗಳನ್ನು ಮುಟ್ಟಿರಲಿಲ್ಲ. ಕಳೆದ ವರ್ಷ ಬಿಚ್ಚಿ ನೋಡಿದರೆ ತಂತಿ ಕಟ್ಟುವ ಅಡ್ಡಮರ ಮುಂಭಾಗದ ಹಲಗೆಯನ್ನು ಸಿಪ್ಪೆಯಂತೆ ಕಿತ್ತುಕೊಂಡು ಎದ್ದಿತ್ತು, ಕತ್ತು ಬಿಲ್ಲಿನ ಹಾಗೆ ಬಾಗಿತ್ತು. ಹೊತ್ತುಕೊಂಡು ಒಬ್ಬ ಮೇಸ್ತ್ರಿಯ ಹತ್ತಿರ ಹೋದೆ. ಅವರು ತಿರುಗಿಸಿ ಮುರುಗಿಸಿ ನೋಡಿ, "ಅಕ್ಕಾ, ಇದನ್ನ ರಿಪೇರಿ ಮಾಡೋದಕ್ಕಿಂತ ಹೊಸದು ಮಾಡೋದು ಸುಲಭ" ಎಂದರು. ಅವರು ಆಡಿದ್ದು ಮಾತಿಗೆ. ನಾನು ಮರುದಿನವೇ ಹಳೆಯ ಸೀರೆಯೊಂದನ್ನು ಸೊಂಟಕ್ಕೆ ಬಿಗಿದು ಅವರ ಬಾಗಿಲಲ್ಲಿ ನಿಂತೆ.

ಮೇಸ್ತ್ರಿಯನ್ನು ನಿನಗೆ ಪರಿಚಯ ಮಾಡಿಸಬೇಕು. ಬಸ್ ಡಿಪೋ ಹಿಂದಿನ ಬೀದಿಯಲ್ಲಿ ಬಾಗಿಲು, ಕಿಟಕಿ, ಶಾಲೆಯ ಬೆಂಚು ಮಾಡುವ ಬಡಗಿ. ಅಂಗಡಿಯ ಹಿಂಭಾಗದಲ್ಲಿ ಇನ್ನೊಂದು ಕೋಣೆ. ಅಲ್ಲಿ ಗಿಟಾರು ಮಾತ್ರ. "ಮುಂದಿನ ಕೋಣೆ ಹೊಟ್ಟೆಗೆ, ಹಿಂದಿನ ಕೋಣೆ ಹೊಟ್ಟೆಕಿಚ್ಚಿಗೆ" ಎನ್ನುತ್ತಾರೆ. ಅವರಿಗೆ ನುಡಿಸಲು ಬರುವುದಿಲ್ಲ. ಗರಗಸ ಎಡಗೈಯ ಎರಡು ಬೆರಳ ತುದಿಗಳನ್ನು ಎಂದೋ ಪಡೆದುಕೊಂಡಿದೆ. ಕಿವಿಯ ಮೇಲೆ ಪೆನ್ಸಿಲು, ಮೂಗಿನ ಕೆಳಗೆ ಕಿಟಕಿಯ ಪರದೆಯಂಥ ಮೀಸೆ. ಆ ಮೀಸೆಯ ಮೇಲೆ ನನ್ನದೊಂದು ದೂರಿದೆ, ಅದೂ ಮುಂದೆ ಬರುತ್ತದೆ. ಕೋಣೆಯ ಗೋಡೆಗೆ ಗಿಟಾರಿನ ಮೈ ರೂಪಿಸುವ ಎರಡು ಅಚ್ಚುಗಳನ್ನು ನೇತುಹಾಕಿದ್ದಾರೆ. ದೊಡ್ಡದರ ಕೆಳಹೊಟ್ಟೆ ಹದಿನಾರು ಅಂಗುಲ ಅಗಲ, ಐದು ಅಂಗುಲ ಆಳ, ಸೊಂಟ ಇಲ್ಲವೆನ್ನುವಷ್ಟು. ನಮ್ಮ ದೊಡ್ಡಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತ ಹಾಗಿದೆ. ಚಿಕ್ಕದರದು ಹದಿಮೂರೂವರೆ ಅಂಗುಲ, ಆಳ ನಾಲ್ಕು, ಸೊಂಟ ಸಣ್ಣ. ಅಮ್ಮನ ಮದುವೆಯ ಫೋಟೋದಲ್ಲಿ ಅಮ್ಮ ಇರುವ ಹಾಗೆ. ದೊಡ್ಡದರೊಳಗೆ ಗಾಳಿ ಹೆಚ್ಚು, ಆದ್ದರಿಂದ ದನಿ ಗಂಭೀರ, ತಗ್ಗಿನ ಸ್ವರ ಎದೆಗೆ ಬಡಿಯುತ್ತದೆ. ಚಿಕ್ಕದು ಬೇಗ ನುಡಿಯುತ್ತದೆ, ಒಂದೊಂದು ತಂತಿಯೂ ಬಿಡಿಬಿಡಿಯಾಗಿ, ಆದರೆ ತಗ್ಗಿನ ದನಿಗೆ ಮೈಯಿಲ್ಲ. ಮೊದಲು ಯಾವುದು ಬೇಕೋ ಗಟ್ಟಿಮಾಡಿಕೊಳ್ಳಿ, ಆಮೇಲೆ ಒಂದು ಎಳೆಯನ್ನೂ ಬದಲಾಯಿಸಲಾಗದು ಎಂದರು. ಪ್ರಶ್ನೆ ಕೇಳಿದರು: ಯಾರು ನುಡಿಸೋದು, ಎಷ್ಟು ಎತ್ತರ, ಬೆರಳಲ್ಲೋ ಪಿಕ್ ಎನ್ನುವ ಬಿಲ್ಲೆಯಲ್ಲೋ, ಎಲ್ಲಿ ಕೂತು. ಎಲ್ಲಕ್ಕೂ ಉತ್ತರ ಕೊಟ್ಟೆ. ತಮ್ಮ, ಐದಡಿ ಮೂರಂಗುಲ, ಬೆರಳಲ್ಲಿ, ಹಡಗಿನಲ್ಲಿ ಗೋಡೆಗೆ ಹೊಂದಿದ ಮಂಚದ ಮೇಲೆ. ಕೊನೆಗೆ, "ಕೇಳೋರು ಯಾರು?" ಎಂದರು. "ನುಡಿಸೋರಿಗೆ ಅಂತ ಮಾಡೋದು ಒಂದು ಥರ ಅಕ್ಕಾ, ಕೇಳೋರಿಗೆ ಅಂತ ಮಾಡೋದು ಇನ್ನೊಂದು ಥರ." ಅದಕ್ಕೆ ಉತ್ತರ ಕೊಡದೆ ಮನೆಗೆ ಬಂದೆ.

ಕೊಡದ ಕಾರಣ ಈಗ ನಿನಗೆ ಹೇಳಬೇಕು. ಗುಬ್ಬಿ, ನನಗೆ ಕಿವಿ ಹೋಗುತ್ತಿದೆ. ಬಲಗಿವಿ ಹೋಗಿಯಾಗಿದೆ, ಎಡಗಿವಿ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು ನಿಂತಿದೆ. ಮೊದಲು ಹೋದದ್ದು ಪಕ್ಕದ ಮನೆ ಟೈಲರಮ್ಮನ ಹೊಲಿಗೆ ಮಷೀನಿನ ಸದ್ದು. ಪಾಪ, ಕೆಲಸ ಇಲ್ಲದೆ ಮಷೀನು ಮಾರಿಬಿಟ್ಟರೇನೋ ಎಂದು ವಿಚಾರಿಸಲು ಹೋದರೆ ಆಕೆ ಹೊಲಿಯುತ್ತಲೇ ಇದ್ದಳು, ಸೂಜಿ ಮೇಲೆ ಕೆಳಗೆ ಕುಣಿಯುತ್ತಿತ್ತು, ಮೂಕಿ ಸಿನಿಮಾದ ಹಾಗೆ. ಆಮೇಲೆ ಹಕ್ಕಿಗಳು ಹೋದವು, ಬಾಗಿಲ ಗಂಟೆ ಹೋಯಿತು, ಮಾತಿನಲ್ಲಿ ಸ, ಶ, ಚ ಎಲ್ಲ ಉದುರಿ ಬರೀ ಗುಡುಗುಡು ಉಳಿಯಿತು. ಕಿವಿ ಡಾಕ್ಟರು ನರ ಒಣಗುತ್ತಿದೆ ಎಂದರು. ಯಂತ್ರ ಕೊಟ್ಟರು, ಅದು ಗುಡುಗುಡುವನ್ನು ದೊಡ್ಡ ಗುಡುಗುಡು ಮಾಡಿತು. ವರ್ಷದ ಕೊನೆಯವರೆಗೆ ಎಡಗಿವಿ ಬಂದರೆ ಹೆಚ್ಚು, ಅದೂ ತಗ್ಗಿನ ಸದ್ದಿಗೆ ಮಾತ್ರ ಎಂದು ಅವರು ಕಾಗದದಲ್ಲಿ ಬರೆದುಕೊಟ್ಟರು, ಬಾಯಲ್ಲಿ ಹೇಳಿದ್ದು ನನಗೆ ತಲುಪದ ಕಾರಣ. ಕಾಲೇಜಿನ ಲೈಬ್ರರಿಯಲ್ಲಿ ಮೂವತ್ತೊಂದು ವರ್ಷ ಕೂತು ಪ್ರಪಂಚಕ್ಕೆ ಉಶ್ ಎಂದವಳು ನಾನು. ಹುಡುಗರು ಉಶ್ ಮೇಡಂ ಎನ್ನುತ್ತಿದ್ದರಲ್ಲ. ಪ್ರಪಂಚ ಕೊನೆಗೂ ಮಾತು ಕೇಳಿತು. ಸ್ವಲ್ಪ ತಡವಾಗಿ, ಸ್ವಲ್ಪ ಅತಿಯಾಗಿ.

ಇದನ್ನು ನಿನಗೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. ಕೇಳು, ಕೇಳುವ ಹಕ್ಕು ನಿನಗಿದೆ, ಶಕ್ತಿಯೂ ಇದೆ. ಅಮ್ಮ ಹೋದಾಗ ನಾನು ಕಂಪನಿಗೆ ಕೊಟ್ಟ ಟೆಲಿಗ್ರಾಂ ನಿನಗೆ ಹತ್ತೊಂಬತ್ತು ದಿನ ತಡವಾಗಿ ಸಿಕ್ಕಿತು. ನೀನು ಯಾವುದೋ ಬಂದರಿನಿಂದ ಫೋನ್ ಮಾಡಿ ಅತ್ತೆ. ನಾನು, "ಎಲ್ಲ ಆಯ್ತು. ನೀನಿಲ್ಲ ಅಂತ ಯಾವುದೂ ನಿಲ್ಲಲಿಲ್ಲ" ಎಂದೆ. ಸಮಾಧಾನಕ್ಕೆ ಹೇಳಿದ್ದು ಎಂದು ಎರಡು ವರ್ಷದಿಂದ ನನಗೆ ನಾನೇ ಹೇಳಿಕೊಂಡಿದ್ದೇನೆ. ಅರ್ಧ ಮಾತ್ರ ನಿಜ. ಏಳು ತಿಂಗಳು ಅವಳನ್ನು ಎತ್ತಿ ಇಳಿಸಿ ನನ್ನ ಬೆನ್ನು ಮುರಿದಿತ್ತು, ಒಂದು ಏಟು ನಿನಗೂ ಬೀಳಲಿ ಎಂದಿತ್ತು ಆ ಇನ್ನರ್ಧ. ನಿನಗೆ ಬಿತ್ತು, ಫೋನಿನಲ್ಲೇ ಗೊತ್ತಾಯಿತು. ಆಗಿನ್ನೂ ನನಗೆ ಕೇಳಿಸುತ್ತಿತ್ತು. ಆಮೇಲೆ ನೀನು ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಗಂಟೆ ನನಗೆ ಕೇಳದೆ, ಗೋಡೆಯಾಚೆ ಟೈಲರಮ್ಮನಿಗೆ ಕೇಳಿಸಿ ಆಕೆ ಓಡಿ ಬಂದಳು. ಎತ್ತಿಕೊಂಡರೆ ಬರೀ ಗುಡುಗುಡು ಬರುತ್ತದೆ, ನಾನು ಅಡ್ಡಾದಿಡ್ಡಿ ಉತ್ತರ ಕೊಡುತ್ತೇನೆ, ಕಿವುಡಿ ಎಂದು ನಿನಗೆ ತಿಳಿಯುತ್ತದೆ. ಅದಕ್ಕಿಂತ ಕೋಪಿಷ್ಠೆ ಎಂದು ತಿಳಿದರೆ ವಾಸಿ ಅನಿಸಿತು. ಕೋಪಕ್ಕೆ ಒಂದು ಗತ್ತಿದೆ ಕಣೋ, ಕಿವುಡಿಗೆ ಬರೀ ನಗೆಪಾಟಲು. "ಅಕ್ಕ ಮನೆಯಲ್ಲಿಲ್ಲ ಅಂತ ಹೇಳು" ಎಂದೆ. ಮೂರನೇ ಸಲ ನೀನು ಆಕೆಯ ಹತ್ತಿರ ಹೇಳಿದೆಯಂತೆ, "ಅವಳಿಗೆ ಹೇಳಿ, ಇನ್ನು ತೊಂದರೆ ಕೊಡಲ್ಲ." ಟೈಲರಮ್ಮ ಅದನ್ನು ನನ್ನ ಎಡಗಿವಿಗೆ ಬಾಯಿ ಹಚ್ಚಿ ಹೇಳಿದಳು. ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುವುದು ಎರಡಿದ್ದವರ ಅನುಕೂಲ. ನನಗೆ ಹೊರಬಾಗಿಲು ಮುಚ್ಚಿದೆ, ಹೋದದ್ದು ಒಳಗೇ ಇದೆ. ಅದಾಗಿ ಹದಿಮೂರು ತಿಂಗಳು. ನಿನ್ನಿಂದ ಒಂದು ಸಾಲಿಲ್ಲ, ಇರಬೇಕೆಂದು ಹೇಳುವ ಮುಖ ನನಗೂ ಇಲ್ಲ.

ಆದ್ದರಿಂದ ನನ್ನ ಮನಸ್ಸಿನಲ್ಲಿ ಇದ್ದದ್ದು ಇಷ್ಟು. ಗಿಟಾರು ಮಾಡುವುದು, ನಿನಗೆ ಬರೆಯುವುದು, ನೀನು ಬರುವುದು, ಈ ಕಿವಿ ಪೂರ್ತಿ ಮುಚ್ಚುವ ಮೊದಲು ಅಮ್ಮನ ಕುರ್ಚಿಯ ಪಕ್ಕ ಕೂತು ನೀನು ನುಡಿಸುವುದನ್ನು ಒಂದು ಸಲ ಕೇಳುವುದು. ಈಗ ನೋಡು ಅಳತೆಯ ಪೇಚು. ನನಗೆ ಕೇಳಿಸಬೇಕಾದರೆ ದೊಡ್ಡಮ್ಮನೇ ಬೇಕು. ಆ ಗಂಭೀರ ದನಿಯೊಂದೇ ನನ್ನಲ್ಲಿ ಇನ್ನೂ ಒಳಗೆ ಬರುವುದು. ನಿನಗೆ ಬೇಕಾದ್ದು ಚಿಕ್ಕದು. ಹಳೆಯದೂ ದೊಡ್ಡದೇ ಅಲ್ಲವೇ, ಅದನ್ನು ಅಪ್ಪಿಕೊಂಡರೆ ನೀನು ಬೀರು ಸಾಗಿಸುವವನ ಹಾಗೆ ಕಾಣುತ್ತಿದ್ದೆ, ಬಲಗೈ ತಂತಿಗೆ ಎಟುಕದೆ ಹೆಗಲು ಮೇಲೆದ್ದಿರುತ್ತಿತ್ತು. ಅದೂ ಅಲ್ಲದೆ ಈ ಹಡಗು ಸೇರಿದಾಗ ನೀನೇ ಬರೆದಿದ್ದೆ, "ಅಕ್ಕಾ, ನನ್ನ ಇಡೀ ಸಂಸಾರ ಮಂಚದ ಕೆಳಗಿನ ಖಾನೆಯಲ್ಲಿದೆ, ಮೂರೂವರೆ ಅಡಿ ಉದ್ದ, ಒಂದೂಕಾಲು ಅಡಿ ಅಗಲ" ಎಂದು. ಒಂದೂಕಾಲು ಅಡಿಯೆಂದರೆ ಹದಿನೈದು ಅಂಗುಲ. ದೊಡ್ಡಮ್ಮ ಹದಿನಾರು. ಒಂದು ಅಂಗುಲಕ್ಕಾಗಿ ನಾಲ್ಕು ದಿನ ಯೋಚಿಸಿದೆ. ದೊಡ್ಡದನ್ನೇ ಮಾಡಿ ಮನೆಯಲ್ಲೇ ಇಟ್ಟುಕೊಂಡು ನೀನು ಬಂದಾಗ ನುಡಿಸು ಎನ್ನಬಹುದಿತ್ತು. ಹಾಗೆ ಮಾಡಿದರೆ ಅದು ನಿನ್ನ ಗಿಟಾರಲ್ಲ, ನನ್ನ ಕಿವಿಯ ಯಂತ್ರ. ಐದನೆಯ ದಿನ ಹೋಗಿ ಚಿಕ್ಕ ಅಚ್ಚನ್ನು ತೋರಿಸಿದೆ. ಮೇಸ್ತ್ರಿ ತಲೆಯಾಡಿಸಿದರು. ಕೇಳೋರು ಯಾರು ಎಂಬ ಪ್ರಶ್ನೆಗೆ, ಬಹಳ ಜನ ಇದ್ದಾರೆ, ಹಡಗಿನ ತುಂಬ ಎಂದುಬಿಟ್ಟೆ. ಕಿವಿಯ ವಿಷಯ ಎತ್ತಲಿಲ್ಲ. ಕಿವುಡಿಗೆ ಗಿಟಾರು ಮಾಡಲು ಯಾರು ಕಲಿಸುತ್ತಾರೆ.

ಇಲ್ಲಿ ಮೀಸೆಯ ದೂರು. ಟೈಲರಮ್ಮ ಮಾತಾಡಿದರೆ ತುಟಿ ನೋಡಿ ಹತ್ತಕ್ಕೆ ಎಂಟು ಹಿಡಿಯುತ್ತೇನೆ. ಮೇಸ್ತ್ರಿಯ ತುಟಿ ಯಾವುದು ಎಂದು ಅವರ ಹೆಂಡತಿಗೂ ಗೊತ್ತಿರಲಾರದು. ಪರದೆಯ ಹಿಂದೆ ಏನೋ ನಡೆಯುತ್ತದೆ, ಅಂಚಿನಲ್ಲಿ ಮರದ ಹೊಟ್ಟು ಉದುರುತ್ತದೆ, ಅಷ್ಟೆ. ಮೊದಮೊದಲು ಗರಗಸದ ಸದ್ದಿನ ನೆಪ ಹೇಳಿ ಎಡಗಿವಿಯ ಹತ್ತಿರ ಜೋರಾಗಿ ಹೇಳಿಸಿಕೊಂಡೆ, ಆಮೇಲೆ ಅವರ ಕೈ ನೋಡಿ ಕಲಿತೆ. ಕೈ ಮಾತ್ರ ಸ್ಪಷ್ಟ ಮಾತುಗಾರ. ಬಿಸಿ ಕೊಳವೆಯ ಮೇಲೆ ಪಕ್ಕದ ಹಲಗೆ ಬಗ್ಗಿಸುವುದನ್ನು ಕಲಿತೆ. ನನ್ನ ಮೊದಲೆರಡು ಸೊಂಟ ಮುರಿದವು, ನನ್ನ ಸ್ವಂತದ್ದನ್ನು ಸೇರಿಸಿದರೆ ಮೂರು. ಮುಂಭಾಗಕ್ಕೆ ಅವರು ತಮ್ಮ ಆಸ್ತಿಯನ್ನೇ ತೆಗೆದುಕೊಟ್ಟರು: ಯಾರೋ ಒಡೆದು ಹಾಕಿದ ಪಿಯಾನೊ ಒಂದರ ಒಳಹಲಗೆ, ನೂರು ವರ್ಷ ಒಣಗಿದ್ದು, ಎಳೆಗಳು ಗೀಟು ಹಾಕಿದ ನೋಟ್‌ಬುಕ್ಕಿನ ಹಾಗೆ ನೇರ. ಒಂದೇ ಗಿಟಾರಿಗೆ ಸಾಕಾಗುವಷ್ಟಿತ್ತು. "ಇಂಥದು ನನಗೆ ಇನ್ನೊಂದು ಸಿಗಲ್ಲ. ಹದಿನೆಂಟು ವರ್ಷದಿಂದ ಯಾರಿಗೂ ಕೊಟ್ಟಿಲ್ಲ" ಎಂದು ಪೆನ್ಸಿಲಿನಲ್ಲಿ ಮರದ ಚೂರಿನ ಮೇಲೆ ಬರೆದು ತೋರಿಸಿದರು. ಬರೆದದ್ದನ್ನು ನಾನು ಬೇಗ ಹಿಡಿಯುತ್ತೇನೆ, ಲೈಬ್ರರಿಯವಳಲ್ಲವೇ ಎಂದು ಅಷ್ಟು ಹೊತ್ತಿಗೆ ಅವರಿಗೆ ಹೇಳಿ ಅಭ್ಯಾಸ ಮಾಡಿಸಿದ್ದೆ.

ಆ ಹಲಗೆಯ ಒಳಮೈಗೆ ಮರದ ಪಟ್ಟಿಗಳನ್ನು ಅಂಟಿಸಬೇಕು. ಮೂವತ್ತೊಂದು ವರ್ಷ ಪುಸ್ತಕದ ಪಟ್ಟಿ ಮಾಡಿದವಳಿಗೆ ಈಗ ಪುಸ್ತಕವಿಲ್ಲದ ಪಟ್ಟಿ. ಆರು ತಂತಿ ಸೇರಿ ಹಲಗೆಯನ್ನು ಒಂದು ಆಳು ಜೋತುಬಿದ್ದಷ್ಟು ಎಳೆಯುತ್ತವಂತೆ. ಆ ಎಳೆತಕ್ಕೆ ಹಲಗೆ ಮಡಚಿಕೊಳ್ಳದಿರಲಿ ಎಂದು ಪಟ್ಟಿ. ಬೀಸಣಿಗೆಯ ಕಡ್ಡಿಗಳಂತೆ ಹರಡಿದರೆ ದನಿ ಮೆದು, ಆದರೆ ಅದು ನೈಲಾನ್ ತಂತಿಗೆ ಸರಿ. ನೀನು ಉಕ್ಕಿನವನು. ಅದಕ್ಕೆ ಗುಣಾಕಾರದ ಗುರುತಿನ ಹಾಗೆ ಎರಡು ದೊಡ್ಡ ಪಟ್ಟಿಗಳನ್ನು ಅಡ್ಡಡ್ಡ ದಾಟಿಸಿ, ಸುತ್ತ ಸಣ್ಣವನ್ನು ಇಡುವುದು ಎಂದಾಯಿತು. ಮೊದಲು ದಪ್ಪಗೆ ಅಂಟಿಸಿ, ಆಮೇಲೆ ಉಳಿಯಿಂದ ಕೆತ್ತಿ ಕೆತ್ತಿ ತಗ್ಗಿಸಬೇಕು. ತೀರಾ ದಪ್ಪ ಉಳಿದರೆ ಗಿಟಾರು ಮೇಜಿನ ಹಾಗೆ ಮೂಕ, ತೀರಾ ತೆಳುವಾದರೆ ಬಾಳುವುದಿಲ್ಲ. ಎಲ್ಲಿ ನಿಲ್ಲಿಸಬೇಕು ಎನ್ನುವುದಕ್ಕೆ ಅಳತೆಗೋಲಿಲ್ಲ. ಹಲಗೆಯ ಅಂಚನ್ನು ಎರಡು ಬೆರಳಲ್ಲಿ ತೂಗುಬಿಟ್ಟು, ಕಿವಿಯ ಹತ್ತಿರ ಹಿಡಿದು, ಬೆರಳ ಗೆಣ್ಣಿನಿಂದ ತಟ್ಟಬೇಕು. ಮೊದಮೊದಲು ಟಕ್ ಎಂದು ಸತ್ತ ಸದ್ದು. ಕೆತ್ತುತ್ತಾ ಹೋದಂತೆ ಒಂದು ಹಂತದಲ್ಲಿ ಅದರ ಹಿಂದೆ ಸಣ್ಣ ರಿಂಗಣ, ಗಾಜಿನ ಲೋಟದ ಅಂಚು ತಟ್ಟಿದ ಹಾಗೆ. ಮೇಸ್ತ್ರಿ ಬರೆದು ತೋರಿಸಿದ್ದು ಹೀಗೆ: "ಹಲಗೆ ಮಾತಾಡೋಕೆ ಶುರು ಮಾಡಿದ ಕೂಡಲೇ ಉಳಿ ಕೆಳಗಿಡಿ. ಮಾತಾಡೋರ ಬಾಯಿ ಮುಚ್ಚಿಸಬಾರದು." ನಾನು ತಲೆಯಾಡಿಸಿದೆ. ಉಶ್ ಎಂದೇ ಸಂಬಳ ತೆಗೆದುಕೊಂಡವಳು ತಲೆಯಾಡಿಸಿದೆ.

ಅವರ ಮಗಳಿಗೆ ಹೆರಿಗೆ, ಮೂರು ದಿನ ಅಂಗಡಿ ಬಿಟ್ಟು ಹೋದರು. ಕೀಲಿ ನನ್ನ ಕೈಯಲ್ಲಿ. ಮೊದಲ ದಿನ ಕೆತ್ತಿದೆ, ತಟ್ಟಿದೆ, ಎಡಗಿವಿಗೆ ಹಿಡಿದೆ, ಏನೂ ಇಲ್ಲ. ಬೆರಳು ಮರಕ್ಕೆ ತಗುಲಿದ್ದು ಚರ್ಮಕ್ಕೆ ಗೊತ್ತಾಯಿತೇ ಹೊರತು ಕಿವಿಗಲ್ಲ. ಇನ್ನೂ ದಪ್ಪ ಇರಬೇಕೆಂದು ಮತ್ತೆ ಕೆತ್ತಿದೆ. ಎರಡನೆಯ ದಿನ ಸಂಜೆ ಒಂದು ಪುಟ್ಟ ಸದ್ದು ಒಳಗೆ ಬಂತು, ದೂರದಲ್ಲಿ ಯಾರೋ ಬಾಗಿಲು ಹಾಕಿದಂಥದು. ಎಷ್ಟೋ ತಿಂಗಳಲ್ಲಿ ನಾನೇ ಹುಟ್ಟಿಸಿ ನಾನೇ ಕೇಳಿದ ಮೊದಲ ಸದ್ದು. ಗುಬ್ಬಿ, ಆ ಖುಷಿಯನ್ನು ನಿನಗೆ ಹೇಗೆ ಹೇಳಲಿ. ಇನ್ನೊಂದಿಷ್ಟು ಕೆತ್ತಿದರೆ ಇನ್ನೊಂದಿಷ್ಟು ಕೇಳಿಸಿತು. ತೆಳುವಾದಷ್ಟೂ ದನಿ ತಗ್ಗುತ್ತದೆ, ತಗ್ಗಿದಷ್ಟೂ ನನ್ನ ಕಡೆಗೆ ಇಳಿದು ಬರುತ್ತದೆ. ಚಿಕ್ಕ ಅಚ್ಚಿನಿಂದಲೇ ದೊಡ್ಡಮ್ಮನ ದನಿ ತೆಗೆಯುತ್ತಿದ್ದೇನೆ, ಇಬ್ಬರಿಗೂ ಆಗುವಂಥದು, ಖಾನೆಗೂ ಕಿವಿಗೂ. ಪಟ್ಟಿ ಮುಗಿದ ಮೇಲೆ ಹಲಗೆಯ ಹೊರಮೈಯನ್ನೂ ಅಂಚಿನ ಸುತ್ತ ಹೆರೆದೆ. ಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ ತಟ್ಟಿದರೆ ಅದು ನನ್ನ ದವಡೆಯವರೆಗೂ ಬಂತು. ಕೂತು ಸ್ವಲ್ಪ ಅತ್ತೆ. ಉಳಿ ಹಿಡಿದವರು ಏನನ್ನೂ ಉಳಿಸುವುದಿಲ್ಲ ಎಂದು ಆಗ ತಿಳಿಯಲಿಲ್ಲ.

ನಾಲ್ಕನೆಯ ದಿನ ಮೇಸ್ತ್ರಿ ಬಂದರು. ಮೊಮ್ಮಗಳು ಹುಟ್ಟಿದ ಸಂತೋಷ ಮೀಸೆಯನ್ನೂ ಮೀರಿ ಕಾಣುತ್ತಿತ್ತು. ನಾನು ಹಲಗೆಯನ್ನು ಎರಡು ಕೈಯಲ್ಲಿ ಕೊಟ್ಟೆ. ಅವರು ನಡುವೆ ಹೆಬ್ಬೆರಳು ಒತ್ತಿದರು. ಹಲಗೆ ಹೆಬ್ಬೆರಳ ಕೆಳಗೆ ತಗ್ಗಿ ಮತ್ತೆ ಎದ್ದಿತು, ಮಲಗಿದವರ ಹೊಟ್ಟೆಯ ಹಾಗೆ. ಕಿವಿಯ ಹತ್ತಿರ ಹಿಡಿದು ಒಂದೇ ಸಲ ತಟ್ಟಿದರು. ಸ್ಟೂಲು ಎಳೆದುಕೊಂಡು ಕೂತರು. ಬೈಯಲಿಲ್ಲ. ಬೈದಿದ್ದರೂ ನಷ್ಟವಿರಲಿಲ್ಲ, ನನಗೆ ತಲುಪುತ್ತಿರಲಿಲ್ಲ. ಪೆನ್ಸಿಲು ತೆಗೆದು ಚೂರಿನ ಮೇಲೆ ಬರೆದರು: "ಇದು ಮೊದಲ ದಿನವೇ ಮಾತಾಡಿರುತ್ತೆ ಅಕ್ಕಾ. ನಿಮಗೆ ಕೇಳಿಸಿಲ್ಲ." ಅದರ ಕೆಳಗೆ: "ಎಷ್ಟು ದಿನದಿಂದ?" ಯಾವುದನ್ನು ಕೇಳುತ್ತಿದ್ದಾರೆ ಎಂದು ಗೊತ್ತಾಯಿತು. ಎರಡು ಬೆರಳು ಎತ್ತಿ ತೋರಿಸಿದೆ, ಎರಡು ವರ್ಷ. ಅವರು ತಮ್ಮ ಎಡಗೈಯ ಮೊಂಡು ಬೆರಳುಗಳನ್ನು ನೋಡಿಕೊಂಡರು. ಪಟ್ಟಿಗಳನ್ನು ಕಿತ್ತು ಹೊಸದು ಹಾಕಬಹುದಲ್ಲ ಎಂದೆ. "ಪಟ್ಟಿ ಬದಲಾಯಿಸಬಹುದು. ಹೆರೆದ ಹಲಗೆ ಬೆಳೆಯಲ್ಲ" ಎಂದು ಬರೆದರು. ಹದಿನೆಂಟು ವರ್ಷ ಕಾದಿಟ್ಟ ಮರ, ನೂರು ವರ್ಷ ಒಣಗಿದ ಮರ. ಮೂರು ದಿನದ ನನ್ನ ಸಂತೋಷಕ್ಕೆ ಹೋಯಿತು.

ಪೂರ್ತಿ ಹೋಗಿಲ್ಲ, ಅದೇ ಇನ್ನೂ ಕಷ್ಟ. ಮುಚ್ಚಿ ಮುಗಿಸಿದರೆ ಇದು ತಾನು ಮಾಡಿದ ಯಾವುದಕ್ಕಿಂತಲೂ ಚೆನ್ನಾಗಿ ನುಡಿಯುತ್ತದೆ ಎನ್ನುತ್ತಾರೆ ಮೇಸ್ತ್ರಿ. ಎಷ್ಟು ದಿನ ಎಂದರೆ ತೆಳು ತಂತಿ ಕಟ್ಟಿ ಮನೆಯಲ್ಲಿ ನುಡಿಸಿದರೆ ಒಂದು ವರ್ಷ, ಸಮುದ್ರದ ಗಾಳಿಯಲ್ಲಿ ಅದರಲ್ಲಿ ಅರ್ಧ. ಆಮೇಲೆ ಅಡ್ಡಮರದ ಹಿಂದೆ ಹೊಟ್ಟೆ ಉಬ್ಬುತ್ತದೆ, ಮುಂದೆ ಕುಸಿಯುತ್ತದೆ, ಒಂದು ದಿನ ಸೀಳುತ್ತದೆ. ತಂತಿ ಕಟ್ಟದಿದ್ದರೆ ನಾವೆಲ್ಲ ಹೋದ ಮೇಲೂ ಹೀಗೇ ಇರುತ್ತದೆ. ಅವರು ಹಿಂದುಗಡೆಯ ಹಲಗೆ ಅಂಟಿಸಲು ಸಹಾಯ ಮಾಡಿದರು, ಕತ್ತು ಕೂರಿಸಿದರು, ಒಂದು ಮಾತೂ ಆಡದೆ. ನನ್ನ ಅನುಕೂಲಕ್ಕೆ ಸುಮ್ಮನಿದ್ದಾರೆ ಎಂದುಕೊಳ್ಳಲು ನೋಡಿದೆ, ಆಗಲಿಲ್ಲ. ಒಳಗೆ ಮಾಡಿದವರ ಚೀಟಿ ಅಂಟಿಸುವ ರೂಢಿಯಿದೆಯಂತೆ. ನನ್ನ ಹತ್ತಿರ ಇದ್ದದ್ದು ಲೈಬ್ರರಿಯ ಹಳೆಯ ಚೀಟಿ, ಪುಸ್ತಕದ ಹಿಂಬದಿಗೆ ಅಂಟಿಸುವಂಥದು, "ಹಿಂತಿರುಗಿಸಬೇಕಾದ ದಿನಾಂಕ" ಎಂದು ಅಚ್ಚಾಗಿರುವುದು. ಅದನ್ನೇ ಅಂಟಿಸಿದೆ. ಸದ್ದಿನ ರಂಧ್ರದಲ್ಲಿ ಇಣುಕಿದರೆ ಕಾಣುತ್ತದೆ.

ಹಾಗಾಗಿ ತಂತಿ ಕಟ್ಟಿಲ್ಲ. ನಿನ್ನ ಕರಾರು ಮುಗಿಯಲು ಇನ್ನೂ ಹದಿನಾಲ್ಕು ತಿಂಗಳಿದೆ ಎಂದು ನಿನ್ನ ಕಚೇರಿಯವರು ಹೇಳಿದರು, ನನ್ನ ಕಿವಿಗೆ ಎಂಟು. ಈ ಲೆಕ್ಕ ಯಾವ ಕಡೆಯಿಂದ ಕೂಡಿಸಿದರೂ ಕೂಡುವುದಿಲ್ಲ. ನೀನು ಬರುವ ಹೊತ್ತಿಗೆ ನೀನು ನುಡಿಸುವುದು ನನಗೆ ಕಾಣುತ್ತದೆ, ಅಷ್ಟೆ. ಆದರೂ ಇಟ್ಟಿರುತ್ತೇನೆ. ಈ ಸಲ ಅಟ್ಟದಲ್ಲಲ್ಲ, ಬೆಡ್‌ಶೀಟೂ ಸುತ್ತಿಲ್ಲ. ಅಮ್ಮನ ಕುರ್ಚಿಯ ಮೇಲೆ ಕೂತಿದೆ, ಮಾತು ಬಾರದ ಮಗುವಿನ ಹಾಗೆ. ಕಿವಿ ಹಿಂಡಿ ಬೆಳೆಸಿದ ತಮ್ಮನಿಗೆ ಅಕ್ಕನ ಕಿವಿ ಕೈಕೊಟ್ಟಿತು ಎಂದು ನಗು ಬಂದರೆ ನಕ್ಕುಬಿಡು. ನನ್ನ ಮೇಲೆ ಸಿಟ್ಟು ಬಂದರೆ ಅದನ್ನೂ ಮಾಡಿಕೋ, ಅದು ನಿನಗೆ ನ್ಯಾಯವಾಗಿ ಬರಬೇಕಾದದ್ದು. ಹೊತ್ತಿಗೆ ಸರಿಯಾಗಿ ಉಣ್ಣು. ಒದ್ದೆ ಕೈಯಲ್ಲಿ ವೈರು ಮುಟ್ಟಬೇಡ. ಕಸುಬುದಾರನಿಗೆ ಹೇಳುವ ಮಾತಲ್ಲ, ಅಕ್ಕ ಹೇಳದೆ ಇರುವ ಮಾತೂ ಅಲ್ಲ. ಟೈಲರಮ್ಮ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ನೂರು ಕಾಲ ತಣ್ಣಗಿರು, ಗುಬ್ಬಿ.

ಇಂತು ನಿನ್ನ
ಅಕ್ಕ (ಉಶ್)

ಮರೆತದ್ದು: ಸೋಮವಾರ, ಸಂಜೆ. ಬೆಳಿಗ್ಗೆ ಲಕೋಟೆ ಅಂಟಿಸುವ ಮುಂಚೆ ಅಮ್ಮನ ಕುರ್ಚಿ ನೋಡಿದೆ. ಜೋಪಾನ ಮಾಡಿ ಒಂದನ್ನು ಕೊಂದವಳು ಇನ್ನೊಂದಕ್ಕೂ ಅದೇ ಮಾಡಲು ಕೂರಿಸಿದ್ದೇನೆ ಅನ್ನಿಸಿತು. ಹೊತ್ತುಕೊಂಡು ಹೋಗಿ ತಂತಿ ಕಟ್ಟಿಸಿದೆ. ಮೇಸ್ತ್ರಿ ಒಂದೊಂದಾಗಿ ಮೀಟಿದರು. ಮೊದಲನೆಯದು ಇಲ್ಲ, ಎರಡು, ಮೂರು ಇಲ್ಲ, ನಾಲ್ಕು ಇದ್ದಿರಬಹುದು. ಆರನೆಯದಕ್ಕೆ ಗಲ್ಲವನ್ನು ಅದರ ಭುಜಕ್ಕೆ ಒತ್ತಿ ಹಿಡಿದೆ, ಬಂತು. ಮೇಸ್ತ್ರಿಯ ಮುಖ ನೋಡಿದರೆ ಉಳಿದ ಐದೂ ಚೆನ್ನಾಗಿಯೇ ಇದ್ದವು. ನಿನ್ನ ಕಚೇರಿಗೆ ಹೋಗಿ ಕಾಗದದ ಮೇಲೆ ಬರೆದು ಕೇಳಿದೆ. ನಿಮ್ಮ ಹಡಗಿಗೆ ಬದಲಿ ಅಡುಗೆಯವರೊಬ್ಬರು ನಾಳೆ ಹೊರಡುತ್ತಾರೆ, ತೊಡೆಯ ಮೇಲೆ ಇಟ್ಟುಕೊಂಡು ತರುತ್ತೇನೆ ಎಂದಿದ್ದಾರೆ. ಈ ಪತ್ರ ಅದರ ತಂತಿಗಳ ಕೆಳಗೆ ಸಿಕ್ಕಿಸಿದೆ. ತಂತಿ ಸಡಿಲಿಸಬೇಡ, ಬಟ್ಟೆ ಸುತ್ತಬೇಡ, ನಾನು ಕೇಳಲಿ ಎಂದಾಗಲಿ, ಇನ್ಯಾರಿಗಾಗಿಯಾಗಲಿ ಕಾಯಬೇಡ. ಸೀಳುವವರೆಗೆ ದಿನಾ ನುಡಿಸು. ಫೋನ್ ಮಾಡಬೇಡ, ನಾನು ಎತ್ತದಿದ್ದದ್ದು ಕೋಪಕ್ಕಲ್ಲ ಎಂದು ಗೊತ್ತಾಯಿತಲ್ಲ, ಅಷ್ಟು ಸಾಕು. ಚೀಟಿಯಲ್ಲಿ ದಿನಾಂಕದ ಜಾಗ ಖಾಲಿ ಬಿಟ್ಟಿದ್ದೇನೆ. ಮೂವತ್ತೊಂದು ವರ್ಷದಲ್ಲಿ ನಾನು ಹಾಗೆ ಕೊಟ್ಟದ್ದು ಇದೊಂದೇ.